ಸಂಕಲ್ಪವೂ ಸಂಗವೂ

‘ಚಟ ಚಟ್ಟದ ತನಕ’ ಎಂಬ ಗಾದೆ ನಮ್ಮ ಸೀಮೆಯಲ್ಲಿ ಎಳೆಯ ಮಕ್ಕಳ ಬಾಯಲ್ಲಿಯೂ ಉಂಟು. ಅದನ್ನು ಕಟ್ಟಿದವನು ನಿರಾಶಾವಾದಿಯೇನೂ ಆಗಿರಲಿಕ್ಕಿಲ್ಲ. ಕಂಡದ್ದನ್ನು ಕಂಡಂತೆ ಆಡಿದ್ದಾನೆ, ಅಷ್ಟೆ. ಯುಗಾದಿಯ ಬೆಳಗ್ಗೆ ಬೇವು-ಬೆಲ್ಲವನ್ನು ಕೈಯಲ್ಲಿ ಹಿಡಿದು, ‘ಇನ್ನು ಮೇಲೆ ಮುಟ್ಟುವುದಿಲ್ಲ’ ಎಂದು ಮನೆದೇವರ ಮುಂದೆ ಮಾಡಿದ ಸಂಕಲ್ಪವು ಮರುದಿನ ಹೊಸತೊಡಕಿನ ಸಂಜೆಗೆ ಎಷ್ಟು ಮನೆಗಳಲ್ಲಿ ಮುರಿದು ಬೀಳುವುದಿಲ್ಲ? ಮುರಿದವನು ಸುಳ್ಳುಗಾರನೆಂದು ಹೆಂಡತಿ ಮಕ್ಕಳು ತಿಳಿಯುತ್ತಾರೆ. ಅವನು ಸುಳ್ಳುಗಾರನಲ್ಲ. ಬೆಳಗ್ಗೆ ಆಡಿದ ಮಾತು ಬೆಳಗ್ಗೆ ನಿಜವಾಗಿಯೇ ಇತ್ತು. ಸಂಜೆಯ ಮನುಷ್ಯನು ಬೇರೆ. ಬೆಳಗಿನವನು ಬರೆದುಕೊಟ್ಟ ಕರಾರಿಗೆ ಸಂಜೆಯವನು ರುಜು ಹಾಕಿರುವುದಿಲ್ಲ.

ಈ ವಿಚಾರ ನನ್ನ ತಲೆಯನ್ನು ಹೊಕ್ಕದ್ದು ಒಬ್ಬ ಗೆಳೆಯನ ದೆಸೆಯಿಂದ. ನನ್ನ ಊರು ಗೂಳೂರು. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಹೊರಟರೆ ಊರು ಬಿಟ್ಟೆವೆನ್ನುವಷ್ಟರಲ್ಲಿಯೇ ಸಿಕ್ಕುವ ಗ್ರಾಮ. ಗೆಳೆಯನ ಮನೆಯೂ ಅದೇ ರಸ್ತೆಯ ಕಡೆ. ಹೆಸರು ಹೇಳುವ ಅಗತ್ಯವಿಲ್ಲ. ಗಾರೆ ಕೆಲಸದಲ್ಲಿ ಅವನ ಕೈ ಮೀರಿಸುವವರು ಕಡಮೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ತಾತನ ಕಾಲದಿಂದ ಅವರ ಮನೆಯಲ್ಲಿ ಭಾನುವಾರದ ಆರಾಧನೆ ತಪ್ಪಿದ್ದಿಲ್ಲ. ಅವನೂ ತಪ್ಪಿಸಿದವನಲ್ಲ. ಶನಿವಾರ ರಾತ್ರಿ ಕಂಠಮಟ್ಟ ಕುಡಿದು, ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೇವಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ಎಲ್ಲರ ಜೊತೆಗೆ ಹಾಡಿ ಬರುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ ಕಳೆದವು. ಕುಡಿತದ ಬೆನ್ನಿಗೆ ಸಾಲ ಬಂತು, ಸಾಲದ ಬೆನ್ನಿಗೆ ಸುಳ್ಳು ಬಂತು. ಅವನೇ ಹೇಳುವಂತೆ ಕೊನೆ ಕೊನೆಗೆ ಕುಡಿತಕ್ಕಿಂತ ಸುಳ್ಳಿನ ಚಟವೇ ದೊಡ್ಡದಾಗಿತ್ತು; ಯಾರಾದರೂ ‘ಊಟವಾಯಿತೇ?’ ಎಂದು ಕೇಳಿದರೆ ಕಾರಣವೇ ಇಲ್ಲದೆ ಸುಳ್ಳು ಹೇಳುತ್ತಿದ್ದನಂತೆ.

ನಾನು ಕ್ರೈಸ್ತನಲ್ಲ. ಈ ಲೇಖನ ಮತಪ್ರಚಾರವೂ ಅಲ್ಲ, ಖಂಡನೆಯೂ ಅಲ್ಲ. ದೇವರಲ್ಲಿ ಶ್ರದ್ಧೆಯಿಟ್ಟರೆ ಚಟ ಬಿಡುತ್ತದೆಂದು ವೇದಿಕೆಯಿಂದ ಹೇಳುವವರು ಬಹಳ ಮಂದಿ ಇದ್ದಾರೆ. ಹಾಗಾದರೆ ಇಪ್ಪತ್ತೆರಡು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತವನ ಚಟ ಏಕೆ ಬಿಡಲಿಲ್ಲ? ಮುಂದೆ ಒಂದು ದಿನ ಏಕೆ ಬಿಟ್ಟಿತು? ಅದೇ ಸತ್ಯವೇದ, ಅದೇ ಹಾಡು, ಅದೇ ಮನುಷ್ಯ. ನಡುವೆ ಬದಲಾದದ್ದೇನು? ನನಗೆ ಬೇಕಾದದ್ದು ಈ ಪ್ರಶ್ನೆಗೆ ಉತ್ತರ.

ನಡೆದದ್ದು ಇಷ್ಟು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಕುಣಿಗಲ್ ಕಡೆಯ ತನ್ನ ತೌರಿಗೆ ಹೊರಟುಹೋದಳು. ಬೀಗ ಹಾಕಿದ ಬಾಗಿಲ ಮುಂದೆ ಒಂದು ರಾತ್ರಿ ಕಳೆದ ಅವನು ಮರುದಿನ ತಮ್ಮ ಸಭೆಯ ಹಿರಿಯರೊಬ್ಬರ ಮನೆಗೆ ಹೋದ. ಅವರು ನಿವೃತ್ತ ಉಪಾಧ್ಯಾಯರು. ಬೋಧನೆ ಮಾಡುತ್ತಾರೆಂದು ಇವನು ತಲೆ ತಗ್ಗಿಸಿ ನಿಂತಿದ್ದರೆ ಅವರು ಕೇಳಿದ್ದು ಒಂದೇ ಮಾತು: ‘ದಿನಕ್ಕೆ ಎಷ್ಟು ಕುಡಿಯುತ್ತೀಯಪ್ಪ?’ ಏಕೆ ಕುಡಿಯುತ್ತೀಯೆಂದು ಕೇಳಿದವರು ನೂರು ಜನ. ಎಷ್ಟು ಎಂದು ಕೇಳಿದವರು ಅವರೊಬ್ಬರೇ. ಅಳತೆಯ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟವೆಂದು ಮೇಷ್ಟ್ರು ತಮ್ಮ ವೃತ್ತಿಯಿಂದ ಕಲಿತಿದ್ದರೋ ಏನೋ! ಗೆಳೆಯ ಅಂದು ಮೊಟ್ಟಮೊದಲಿಗೆ ನಿಜವಾದ ಲೆಕ್ಕ ಹೇಳಿದ.

ಅವರು ಕೂಡಲೇ ಪ್ರಾರ್ಥನೆಗೆ ಕೂರಿಸಲಿಲ್ಲ. ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಇದನ್ನು ವಾಚಕರು ಗಮನಿಸಬೇಕು. ವರ್ಷಗಟ್ಟಲೆ ದಿನವೂ ಕುಡಿದ ದೇಹದಿಂದ ಮದ್ಯವನ್ನು ಒಮ್ಮೆಗೇ ಕಿತ್ತುಕೊಂಡರೆ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ; ಕೆಲವರಿಗೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಮದ್ಯಕ್ಕೆ ಒಗ್ಗಿಕೊಂಡ ನರಮಂಡಲವು ತಡೆ ಹಠಾತ್ತಾಗಿ ತಪ್ಪಿದೊಡನೆ ಕೆರಳಿ ನಿಲ್ಲುವುದೇ ಇದಕ್ಕೆ ಕಾರಣ. ಆ ಕೆಲವು ದಿನಗಳಿಗೆ ಔಷಧ ಉಂಟು. ಜೊತೆಗೆ ಥಯಾಮಿನ್ ಎಂಬ ಜೀವಸತ್ವವನ್ನೂ ಕೊಡುತ್ತಾರೆ. ‘ಔಷಧ ಬೇಡ, ಪ್ರಾರ್ಥನೆಯೊಂದೇ ಸಾಕು’ ಎನ್ನುವವರು ಯಾವ ಮತದವರೇ ಆಗಿರಲಿ, ಅವರ ಮಾತನ್ನು ಕೇಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಆಸ್ಪತ್ರೆಯಿಂದ ಬಂದ ಮೇಲೆ ಪ್ರತಿ ಗುರುವಾರ ಸಂಜೆ ಮೇಷ್ಟ್ರ ಜಗುಲಿಯ ಮೇಲೆ ನಾಲ್ವರು ಸೇರತೊಡಗಿದರು. ಮೇಷ್ಟ್ರು, ಒಬ್ಬ ಆಟೋ ಚಾಲಕ, ಒಬ್ಬ ಚಿಲ್ಲರೆ ಅಂಗಡಿಯವರು, ನನ್ನ ಗೆಳೆಯ. ಸತ್ಯವೇದದ ಒಂದು ಭಾಗವನ್ನು ಓದುವುದು, ಆ ವಾರ ಹೇಗೆ ಕಳೆಯಿತೆಂದು ಒಬ್ಬೊಬ್ಬರೂ ಹೇಳುವುದು, ಮುಚ್ಚಿಟ್ಟಂತೆ ಕಂಡರೆ ಉಳಿದವರು ಕೇಳುವುದು, ಕೊನೆಗೆ ಪ್ರಾರ್ಥನೆ. ಭಾಷಣವಿಲ್ಲ, ಹಾರ್ಮೋನಿಯಂ ಇಲ್ಲ. ಮೇಷ್ಟ್ರಿಗೆ ಕುಡಿತದ ಚಟವಿರಲಿಲ್ಲ. ಅವರ ಸರದಿ ಬಂದಾಗ ಅವರು ತಮ್ಮ ಮುಂಗೋಪದ ಲೆಕ್ಕ ಒಪ್ಪಿಸುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ತನ್ನ ಸಂಕೋಚ ಬಿಟ್ಟುಹೋಯಿತೆಂದು ಗೆಳೆಯ ಹೇಳುತ್ತಾನೆ.

ಈ ಕ್ರಮವನ್ನು ಮೇಷ್ಟ್ರು ತಾವೇ ಕಂಡುಹಿಡಿದದ್ದಲ್ಲ. ಅದರ ಬೇರು 1742ರ ಇಂಗ್ಲೆಂಡಿನಲ್ಲಿದೆ. ಅದೂ ಒಂದು ಸಾಲದ ಲೆಕ್ಕದಲ್ಲಿ. ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳು ಕಟ್ಟಿಸಿದ್ದ ಕೂಟದ ಮನೆಯ ಮೇಲೆ ಸಾಲವಿತ್ತು. ಅದನ್ನು ತೀರಿಸುವ ಬಗೆ ಹೇಗೆಂಬ ಚರ್ಚೆ ನಡೆದಾಗ ಒಬ್ಬರು, ಹನ್ನೆರಡು ಜನರಿಗೆ ಒಂದು ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡನನ್ನು ನೇಮಿಸಿ, ಅವನು ವಾರವಾರವೂ ತಲೆಗೊಂದು ಪೆನ್ನಿ ವಸೂಲು ಮಾಡಲಿ ಎಂದು ಸಲಹೆ ಕೊಟ್ಟರು. ಸರಿ, ಮುಖಂಡರು ಮನೆಮನೆಗೆ ಹೋದರು. ಕಾಸಿಗೆ ಹೋದವರು ಕಂಡದ್ದು ಬೇರೆಯೇ: ಒಂದು ಮನೆಯಲ್ಲಿ ಗಂಡ ಹೆಂಡತಿಯೊಡನೆ ಜಗಳಕ್ಕೆ ನಿಂತಿದ್ದಾನೆ, ಇನ್ನೊಂದು ಮನೆಯಲ್ಲಿ ಯಜಮಾನ ಕುಡಿದು ಬಿದ್ದಿದ್ದಾನೆ. ಈ ವರದಿ ವೆಸ್ಲಿಯ ಕಿವಿಗೆ ಬಿತ್ತು. ಸಾವಿರ ಜನರ ಸಭೆಯಲ್ಲಿ ಕಾಣದ್ದು ಹನ್ನೆರಡು ಜನರ ಗುಂಪಿನಲ್ಲಿ ಕಾಣುತ್ತದೆಂದು ಆತ ಆಗ ತಿಳಿದುಕೊಂಡ. ವಸೂಲಿಯ ಏರ್ಪಾಟು ಆತ್ಮಶೋಧನೆಯ ಏರ್ಪಾಟಾಯಿತು. ‘ಕ್ಲಾಸ್ ಮೀಟಿಂಗ್’ ಎಂಬ ಹೆಸರಿನಲ್ಲಿ ವೆಸ್ಲಿಯನ್ ಪಂಥದ ಬೆನ್ನೆಲುಬಾಯಿತು. ಮರುವರ್ಷ, 1743ರಲ್ಲಿ, ಆತ ಬರೆದ ನಿಯಮಾವಳಿಯಲ್ಲಿ ಕುಡಿಯುವುದನ್ನಷ್ಟೇ ಅಲ್ಲ, ಬಟ್ಟಿಯಿಳಿಸಿದ ಮದ್ಯವನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿದ್ದಾನೆ. ಇಂಗ್ಲೆಂಡಿನ ಬಡಜನ ಜಿನ್ ಎಂಬ ಅಗ್ಗದ ಮದ್ಯದಲ್ಲಿ ಮುಳುಗಿಹೋಗಿದ್ದ ಕಾಲ ಅದು.

ಆ ವೆಸ್ಲಿಯ ಪಂಥದವರು ನಮ್ಮ ಜಿಲ್ಲೆಗೆ ಬಂದದ್ದು ತುಂಬ ಹಿಂದೆ. ಥಾಮಸ್ ಹಾಡ್ಸನ್ ಎಂಬ ಪಾದ್ರಿ 1837ರಲ್ಲಿ ಗುಬ್ಬಿಯಲ್ಲಿ ಮಿಷನ್ನಿನ ಕೆಲಸ ಪ್ರಾರಂಭಿಸಿದರು. ಇವರೇ ಮುಂದೆ ಕನ್ನಡ ಭಾಷೆಗೆ ಒಂದು ವ್ಯಾಕರಣವನ್ನು ಬರೆದು 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು. 1839ರಲ್ಲಿ ಇಂಡಿಯಕ್ಕೆ ಹೊರಟ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿಯೂ ಗುಬ್ಬಿಯಲ್ಲಿಯೇ ಇದ್ದು, ಕಣ್ಣಿನ ಬೇನೆಯಿಂದ 1841ರಲ್ಲಿ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ಅನುಭವಗಳ ಮೇಲೆ ಆತ ಬರೆದ ಇಂಗ್ಲಿಷ್ ಗ್ರಂಥ 1847ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ದಂಡಿನ ಪ್ರದೇಶವನ್ನು ಬಿಟ್ಟು ಸಂತೆಯ ಊರಿನಲ್ಲಿ ಮನೆ ಮಾಡಿ, ಜನರ ಭಾಷೆಯನ್ನು ಕಲಿತ ಇವರ ಹಿಂದೆ ಜನಸಮೂಹವೇನೂ ಹೊರಟುಬರಲಿಲ್ಲ. ಆದರೆ ವಾರಕ್ಕೊಮ್ಮೆ ನಾಲ್ಕಾರು ಜನ ಕುಳಿತು ತಮ್ಮ ನಡತೆಯ ಲೆಕ್ಕವನ್ನು ಒಪ್ಪಿಸುವುದೆಂಬ ಪದ್ಧತಿ ಅವರ ಪಂಥದ ಸಾಮಾನಿನ ಜೊತೆಗೇ ಬಂದದ್ದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯ ಸಭೆ ಸ್ಥಾಪನೆಯಾದಾಗ ಈ ವೆಸ್ಲಿಯನ್ ಸಭೆಗಳು ಅದರಲ್ಲಿ ಸೇರಿಕೊಂಡವು. ಹಳೆಯ ಹೆಸರು ಹೋಯಿತು. ಜಗುಲಿಯ ಪದ್ಧತಿ ಕೆಲವು ಹಿರಿಯರ ನೆನಪಿನಲ್ಲಿ ಉಳಿಯಿತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಟವೆಂಬುದು ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು ಕ್ರೈಸ್ತ ಪರಂಪರೆಯಲ್ಲಿ ಸಂತ ಅಗಸ್ಟೀನನಷ್ಟು ಸೂಕ್ಷ್ಮವಾಗಿ ನೋಡಿದವರು ವಿರಳ. ಸುಮಾರು 1600 ವರ್ಷಗಳ ಹಿಂದೆ ಉತ್ತರ ಆಫ್ರಿಕದಲ್ಲಿ ಕುಳಿತು ಬರೆದ ಆತ್ಮನಿವೇದನೆಯಲ್ಲಿ ಆತ, ತನ್ನನ್ನು ಕಟ್ಟಿದ ಸರಪಳಿಯನ್ನು ಬೇರೆ ಯಾರೂ ಬೆಸೆಯಲಿಲ್ಲ, ತನ್ನ ಇಚ್ಛೆಯೇ ಬೆಸೆಯಿತು ಎಂಬರ್ಥದ ಮಾತನ್ನು ಹೇಳುತ್ತಾನೆ. ಅದೇ ಗ್ರಂಥದಲ್ಲಿ ತನ್ನ ತಾಯಿ ಮೋನಿಕಳ ಬಾಲ್ಯದ ಒಂದು ಕತೆಯೂ ಇದೆ. ಹುಡುಗಿಯಾಗಿದ್ದಾಗ ಆಕೆಯನ್ನು ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳುಹಿಸುತ್ತಿದ್ದರು. ಹುಡುಗಾಟಕ್ಕೆ ತುಟಿ ತಾಗಿಸಿದಳು. ನಾಳೆ ಒಂದು ಗುಟುಕು, ನಾಡಿದ್ದು ಎರಡು. ಕ್ರಮೇಣ ಬಟ್ಟಲು ತುಂಬ ಕುಡಿಯುವಂತಾಯಿತು. ಒಂದು ದಿನ ಜೊತೆಯ ದಾಸಿ ಜಗಳದ ಭರದಲ್ಲಿ ‘ಕುಡುಕಿ’ ಎಂದು ಹಂಗಿಸಿದಳು. ಆ ಮಾತು ಚುಚ್ಚಿ ಮೋನಿಕ ಅಂದೇ ಬಿಟ್ಟಳು. ಎಳೆಯ ಚಟಕ್ಕೆ ಒಂದು ಚುಚ್ಚುಮಾತು ಸಾಕು. ಬಲಿತ ಚಟಕ್ಕೆ ಅದೇ ಮಾತನ್ನು ಆಡಿದರೆ ಅವನು ಎದ್ದು ನೇರವಾಗಿ ಅಂಗಡಿಗೆ ಹೋಗುತ್ತಾನೆ. ಊರೆಲ್ಲ ಹಂಗಿಸಿ ಕುಡುಕನನ್ನು ತಿದ್ದುತ್ತೇವೆನ್ನುವವರು ಈ ವ್ಯತ್ಯಾಸವನ್ನು ತಿಳಿಯರು.

ಅಗಸ್ಟೀನನ ಸ್ವಂತ ಚಟ ಮದ್ಯದ್ದಲ್ಲ, ಕಾಮದ್ದು. ವರ್ಷಗಳ ಹೊಯ್ದಾಟದ ನಂತರ 386ರಲ್ಲಿ ಮಿಲಾನ್ ನಗರದ ತೋಟವೊಂದರಲ್ಲಿ ಆತನ ಮನಸ್ಸು ತಿರುಗಿತೆಂಬುದು ಜಗತ್ಪ್ರಸಿದ್ಧವಾದ ಪ್ರಸಂಗ. ಓದಿದವರೆಲ್ಲ ಅಲ್ಲಿ ಕೇಳಿಬಂದ ಮಗುವಿನ ದನಿಯನ್ನು ನೆನೆಯುತ್ತಾರೆ. ನಾನು ನೆನೆಯುವುದು ಇಬ್ಬರನ್ನು. ಆ ದಿನ ಮನೆಗೆ ಬಂದು, ಲೌಕಿಕವನ್ನು ಬಿಟ್ಟುಹೋದ ಸಾಮಾನ್ಯ ಅಧಿಕಾರಿಗಳಿಬ್ಬರ ಸಂಗತಿಯನ್ನು ಹೇಳಿಹೋದ ಅತಿಥಿ ಒಬ್ಬ. ತೋಟದಲ್ಲಿ ಅಗಸ್ಟೀನ್ ಅಳುತ್ತಿದ್ದಾಗ ಒಂದೂ ಮಾತಾಡದೆ ಹತ್ತಿರದಲ್ಲಿಯೇ ಕುಳಿತಿದ್ದ ಗೆಳೆಯ ಅಲಿಪಿಯಸ್ ಇನ್ನೊಬ್ಬ. ಅಷ್ಟು ದೊಡ್ಡ ಸಂತನೂ ಒಬ್ಬಂಟಿಯಾಗಿ ಬಿಡಿಸಿಕೊಳ್ಳಲಿಲ್ಲ.

ಒಬ್ಬಂಟಿತನವೇ ದೊಡ್ಡ ಗಂಡಾಂತರವೆಂಬುದಕ್ಕೆ ಐರ್ಲೆಂಡಿನ ಕತೆ ನಿದರ್ಶನ. ಫಾದರ್ ಥಿಯೋಬಾಲ್ಡ್ ಮ್ಯಾಥ್ಯೂ ಎಂಬ ಕಪುಚಿನ್ ಸನ್ಯಾಸಿ 1838ರ ಏಪ್ರಿಲ್ 10ರಂದು ಕಾರ್ಕ್ ನಗರದಲ್ಲಿ ಮದ್ಯತ್ಯಾಗದ ಪ್ರತಿಜ್ಞೆಗೆ ರುಜು ಹಾಕಿ ಚಳವಳಿ ಹೂಡಿದರು. ಐದಾರು ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಮಾಡಿದರು. ಇಡೀ ದೇಶದ ಮದ್ಯದ ವ್ಯಾಪಾರವೇ ಕುಗ್ಗಿತು. ಆದರೆ 1845ರಿಂದ ಕ್ಷಾಮ ಬಂತು, 1856ರಲ್ಲಿ ಸನ್ಯಾಸಿಗಳೂ ತೀರಿಕೊಂಡರು, ಚಳವಳಿ ಕರಗಿಹೋಯಿತು. ಪ್ರತಿಜ್ಞೆ ಮಾಡಿಸಿದವರಿದ್ದರು, ಮಾಡಿದವನ ಮನೆಗೆ ಮುಂದಿನ ಗುರುವಾರ ಹೋಗುವವರು ಸಾಕಷ್ಟಿರಲಿಲ್ಲ ಎಂದು ನನಗೆ ತೋರುತ್ತದೆ.

ಫಾದರ್ ಮ್ಯಾಥ್ಯೂ ತೀರಿಕೊಂಡ ವರ್ಷವೇ ಡಬ್ಲಿನ್ ನಗರದ ಬಡವರ ಕೇರಿಯಲ್ಲಿ ಮ್ಯಾಟ್ ಟಾಲ್ಬಟ್ ಹುಟ್ಟಿದ. ಹುಡುಗನಾಗಿದ್ದಾಗಲೇ ಮದ್ಯದ ವರ್ತಕರ ಬಳಿ ಕೆಲಸಕ್ಕೆ ಸೇರಿ, ಅಲ್ಲಿಯೇ ಕುಡಿತ ಕಲಿತು, ಗಾರೆಯವರ ಕೈಯಾಳಾಗಿ ದುಡಿದದ್ದನ್ನೆಲ್ಲ ಕುಡಿದು ಹಾಳುಮಾಡಿದವನು. 1884ರ ಒಂದು ಶನಿವಾರ ಕೈಯಲ್ಲಿ ಕಾಸಿಲ್ಲದೆ ಮದ್ಯದಂಗಡಿಯ ಹೊರಗೆ ನಿಂತಿದ್ದ. ಅವನ ಕಾಸಿನಲ್ಲಿ ಕುಡಿದಿದ್ದ ಗೆಳೆಯರು ಒಬ್ಬೊಬ್ಬರಾಗಿ ಒಳಗೆ ಹೋದರು. ‘ಬಾ’ ಎಂದವರು ಒಬ್ಬರೂ ಇಲ್ಲ. ಅಲ್ಲಿಂದ ಮನೆಗೆ ಹೋಗಿ ಪಾದ್ರಿಯ ಮುಂದೆ ಮೂರು ತಿಂಗಳ ಅವಧಿಗೆ ಪ್ರತಿಜ್ಞೆ ಮಾಡಿದ. ಜೀವಮಾನಕ್ಕಲ್ಲ, ಮೂರೇ ತಿಂಗಳಿಗೆ! ಅವಧಿ ಮುಗಿದ ಮೇಲೆ ಮತ್ತೆ ಮುಂದುವರಿಸಿ ಕೊನೆಗೆ ಜೀವಮಾನಕ್ಕೂ ಮಾಡಿದ. ದಿನವೂ ಕೆಲಸಕ್ಕೆ ಮುಂಚೆ ಬೆಳಗಿನ ಪೂಜೆಗೆ ಹೋಗುತ್ತಿದ್ದ. ಜೇಬಿನಲ್ಲಿ ಕಾಸಿಟ್ಟುಕೊಂಡು ಓಡಾಡುವುದನ್ನೇ ಬಿಟ್ಟ. ಕುಡಿತದ ಕಾಲದಲ್ಲಿ ಬೀದಿಯ ವಾದ್ಯಗಾರನೊಬ್ಬನ ಪಿಟೀಲನ್ನು ಕದ್ದು ಮಾರಿ ಕುಡಿದಿದ್ದರಂತೆ; ಮ್ಯಾಟ್ ಆ ವಾದ್ಯಗಾರನನ್ನು ವರ್ಷಗಟ್ಟಲೆ ಹುಡುಕಿದ, ಸಿಕ್ಕಲೇ ಇಲ್ಲ. 1925ರ ಜೂನ್ 7ರಂದು ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸತ್ತಾಗ ಅವನ ಮೈಮೇಲೆ ವ್ರತವಾಗಿ ಧರಿಸಿದ್ದ ಸರಪಳಿಗಳು ಕಂಡುಬಂದವು. ನಲವತ್ತು ವರ್ಷ ಅವನು ಕುಡಿದಿರಲಿಲ್ಲ. ಸರಪಳಿ ಧರಿಸುವ ವೈರಾಗ್ಯ ನನಗೆ ಅಷ್ಟಾಗಿ ಒಗ್ಗದು. ಆ ಪಿಟೀಲಿನ ಹುಡುಕಾಟ ಮಾತ್ರ ಮನಸ್ಸನ್ನು ಬಿಟ್ಟುಹೋಗುವುದಿಲ್ಲ.

ದೂರದ ದೇಶವೇಕೆ, ನಮ್ಮ ಕರಾವಳಿಯಲ್ಲಿಯೇ ಇದರ ಇನ್ನೊಂದು ಮುಖವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರು ಅನೇಕರು. ತೆಂಗು ತಾಳೆಗಳಿಂದ ಕಳ್ಳು ಇಳಿಸುವುದು ಅವರಲ್ಲಿ ಹಲವರ ಕುಲಕಸುಬು. ಕುಡಿತವನ್ನು ಬಿಡಬೇಕೆಂದ ಪಾದ್ರಿಗಳು ಕಳ್ಳಿಳಿಸುವ ಕಸುಬನ್ನೂ ಒಪ್ಪಲಿಲ್ಲ. ಮರವನ್ನು ಬಿಟ್ಟು ಕೆಳಗೆ ಇಳಿದವನು ಹೊಟ್ಟೆಗೆ ಏನು ಮಾಡಬೇಕು? ಬೋಧನೆ ಅನ್ನವಾಗುವುದಿಲ್ಲ. ಮಿಷನ್ ನೇಯ್ಗೆಯ ಕಾರ್ಖಾನೆ ತೆಗೆಯಿತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಪ್ರಾರಂಭವಾಯಿತು. ಇಂದು ನಮ್ಮ ನಾಡಿನ ಹಳೆಯ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಕತೆಯ ಒಂದು ತುದಿ ಇಲ್ಲಿದೆ. ಈ ಕಾರ್ಖಾನೆಗಳ ಶಿಸ್ತು ಕಠಿಣವಾಗಿತ್ತು, ಧರ್ಮವೂ ದುಡಿಮೆಯೂ ಒಬ್ಬನೇ ಯಜಮಾನನ ಕೈಯಲ್ಲಿದ್ದುವೆಂದು ಟೀಕಿಸುವವರುಂಟು, ಟೀಕೆಯಲ್ಲಿ ಹುರುಳಿದೆ. ಆದರೂ ಹಳೆಯ ಬದುಕನ್ನು ಬಿಡು ಎಂದವರು ಹೊಸ ಬದುಕಿನ ಹೊಣೆಯನ್ನೂ ಹೊತ್ತರು.

ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಸಾಮ್ಯ ಇದೆ. ಮನುಷ್ಯನನ್ನು ಬಿಟ್ಟುಹೋದ ದೆವ್ವವೊಂದು ಎಲ್ಲಿಯೂ ನೆಲೆ ಸಿಗದೆ ತಿರುಗಿ ಬರುತ್ತದೆ. ಬಂದು ನೋಡಿದರೆ ಮನೆ ಗುಡಿಸಿ ಸಾರಿಸಿದೆ, ಆದರೆ ಒಳಗೆ ಯಾರೂ ಇಲ್ಲ. ಅದು ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆದುತಂದು ಸಂಸಾರ ಹೂಡುತ್ತದೆ. ಮನೆಯನ್ನು ಗುಡಿಸಿದ್ದು ಸಾಲದು, ಒಳಗೆ ಯಾರಾದರೂ ವಾಸಿಸಬೇಕು. ಮೇಷ್ಟ್ರ ಜಗುಲಿಯಲ್ಲಿ ಮೊದಲ ಗುರುವಾರ ಓದಿದ್ದು ಈ ಭಾಗವನ್ನೇ ಎಂದು ಗೆಳೆಯ ಹೇಳಿದ. ಕುಡಿತ ಬಿಟ್ಟವನಿಗೆ ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತು ಎಂಥ ಖಾಲಿ ಮನೆಯೆಂಬುದು ಅನುಭವಿಸಿದವರಿಗೇ ಗೊತ್ತು.

ಆ ಹೊತ್ತನ್ನು ತುಂಬಿದವನು ಆಟೋ ಚಾಲಕ. ತುಮಕೂರಿನಲ್ಲಿ ಕೆಲಸ ಮುಗಿಸಿ ಗೂಳೂರಿನ ರಸ್ತೆ ಹಿಡಿಯುವವನು ಎಷ್ಟು ಬಾಗಿಲುಗಳನ್ನು ದಾಟಬೇಕೆಂದು ನಾನು ಬರೆಯಬೇಕಾಗಿಲ್ಲ. ಸಾರಾಯಿಯನ್ನು ಸರಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಮೊದಲ ನಲವತ್ತು ದಿನ ಆ ಚಾಲಕ ಪ್ರತಿ ಸಂಜೆ ಕೆಲಸದ ಜಾಗಕ್ಕೇ ಬಂದು, ಇವನನ್ನು ಹತ್ತಿಸಿಕೊಂಡು, ಎಲ್ಲಿಯೂ ನಿಲ್ಲಿಸದೆ ಮನೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಿದ್ದ. ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಕೂಲಿಯ ಹಣ ಅಂಗಡಿಯವರ ಬಳಿ ಜಮೆಯಾಗಿ ಅಲ್ಲಿಂದ ಹೆಂಡತಿಗೆ ಹೋಗುತ್ತಿತ್ತು. ಆ ವರ್ಷದ ನಮ್ಮೂರ ಜಾತ್ರೆಯ ರಾತ್ರಿಯೊಂದು ದೊಡ್ಡ ಪರೀಕ್ಷೆ. ಬೇರೆ ಊರುಗಳಲ್ಲಿ ಚೌತಿಗೆ ಗಣೇಶನನ್ನು ಕೂರಿಸಿದರೆ ಗೂಳೂರಿನಲ್ಲಿ ಅಂದು ಕೆರೆಯ ಮಣ್ಣು ತಂದು ಮಹಾಮೂರ್ತಿಯನ್ನು ಮಾಡುವ ಕೆಲಸ ಪ್ರಾರಂಭವಾಗುತ್ತದೆ. ಬಲಿಪಾಡ್ಯಮಿಗೆ ಪೂಜೆ ಮೊದಲಾಗಿ, ಕಾರ್ತಿಕವೆಲ್ಲ ನಡೆದು, ಆಮೇಲೆ ಜಾತ್ರೆ, ಮದ್ದುಗುಂಡಿನ ಪ್ರದರ್ಶನ, ಕೆರೆಯಲ್ಲಿ ವಿಸರ್ಜನೆ. ನೆಂಟರು, ಗೆಳೆಯರು, ಹಳೆಯ ಜೊತೆಗಾರರು ಎಲ್ಲರೂ ಸೇರುವ ರಾತ್ರಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಡ್ರು ಎಂದು ಮೇಷ್ಟ್ರು ಹೇಳಲಿಲ್ಲ. ನಾಲ್ವರೂ ಒಟ್ಟಿಗೆ ಬಂದು, ಕೆರೆಯ ಕಡೆ ಜನರ ನಡುವೆ ನಿಂತು ಬಾಣಬಿರುಸು ನೋಡಿ, ಕಡಲೆಪುರಿ ಕೊಂಡು ಹಿಂದಿರುಗಿದರು.

ಇಂಥ ನಾಲ್ವರ ಸಂಗ ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನಾದ್ಯಂತ ಹಬ್ಬಿದ್ದೂ ಕ್ರೈಸ್ತ ಶ್ರದ್ಧೆಯ ಮೂಲದಿಂದಲೇ. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಸ್ಥ ನಿಂತಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು; ಬಂದ ವ್ಯವಹಾರ ಮುರಿದುಬಿದ್ದಿತ್ತು; ಒಂದು ಪಕ್ಕದಲ್ಲಿ ಮದ್ಯಶಾಲೆಯ ನಗೆಮಾತು, ಇನ್ನೊಂದು ಪಕ್ಕದಲ್ಲಿ ಟೆಲಿಫೋನು. ಆತ ಟೆಲಿಫೋನಿನ ಕಡೆ ನಡೆದ. ಊರಿನ ಪಾದ್ರಿಯೊಬ್ಬರಿಗೆ ಫೋನು ಮಾಡಿ, ತನ್ನ ಹಾಗೆಯೇ ಕುಡಿತದಿಂದ ನರಳುವ ಯಾರನ್ನಾದರೂ ತೋರಿಸಿರೆಂದು ಬೇಡಿದ. ಆ ಪಾದ್ರಿಯ ಮೂಲಕ, ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಸಂಘಕ್ಕೆ ಸೇರಿದ ಮಹಿಳೆಯೊಬ್ಬರ ಮನೆಯಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಹದಿನೈದು ನಿಮಿಷ ಮಾತ್ರ ಕೂರುತ್ತೇನೆಂದು ಬಂದ ವೈದ್ಯ ಗಂಟೆಗಟ್ಟಲೆ ಕುಳಿತ. ಇದುವರೆಗೆ ತನಗೆ ಉಪದೇಶ ಮಾಡಿದವರನ್ನು ಮಾತ್ರ ಕಂಡಿದ್ದ ಅವನಿಗೆ ತನ್ನ ಭಾಷೆಯನ್ನೇ ಆಡುವ ಒಬ್ಬ ಮನುಷ್ಯ ಅಂದು ಸಿಕ್ಕಿದ. ಅದೇ ವರ್ಷ ಜೂನ್ 10ರಂದು ಆ ವೈದ್ಯ ಕೊನೆಯ ಸಲ ಕುಡಿದ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆ ತನ್ನ ಹುಟ್ಟುದಿನವೆಂದು ಎಣಿಸುವುದು ಆ ದಿನವನ್ನೇ.

1939ರಲ್ಲಿ ಅವರು ಅಚ್ಚು ಹಾಕಿಸಿದ ಹನ್ನೆರಡು ಸೋಪಾನಗಳನ್ನು ನೋಡಿದರೆ ಕುಡಿತದ ಮಾತು ಇರುವುದು ಮೊದಲ ಮತ್ತು ಕೊನೆಯ ಮೆಟ್ಟಿಲಲ್ಲಿ ಮಾತ್ರ. ಉಳಿದವೆಲ್ಲ ತನ್ನಿಂದಾಗದೆಂದು ಒಪ್ಪುವುದು, ದೋಷಗಳ ಪಟ್ಟಿ ಮಾಡುವುದು, ಅದನ್ನು ಇನ್ನೊಬ್ಬನ ಮುಂದೆ ಹೇಳುವುದು, ನೊಂದವರಿಗೆ ಪರಿಹಾರ ಮಾಡುವುದು. ಆಕ್ಸ್‌ಫರ್ಡ್ ಗ್ರೂಪಿನಿಂದ ಬಂದ ಪಾಪನಿವೇದನೆಯೇ ಅದು, ಕ್ರಿಸ್ತನ ಹೆಸರನ್ನು ಕಡ್ಡಾಯ ಮಾಡದೆ ಬರೆದದ್ದು. ದೇವರನ್ನು ಅವರವರು ತಿಳಿದಂತೆ ತಿಳಿಯಲಿ ಎಂದು ಬಾಗಿಲು ಅಗಲ ಮಾಡಿದ್ದರಿಂದಲೇ ಅದು ನಮ್ಮ ದೇಶಕ್ಕೂ ಬಂದು, ಎಲ್ಲ ಮತದವರಿಗೂ ಆಶ್ರಯವಾಯಿತು. ಇದರಿಂದ ಪ್ರಯೋಜನವುಂಟೇ ಎಂದು ವಿದ್ವಾಂಸರು ಬಹುಕಾಲ ಸಂದೇಹಪಟ್ಟರು. 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಸಂಪೂರ್ಣವಾಗಿ ಕುಡಿತ ಬಿಟ್ಟಿರುವ ವಿಷಯದಲ್ಲಿ ಈ ಮಾರ್ಗ ಇತರ ಮಾನಸಿಕ ಚಿಕಿತ್ಸೆಗಳಿಗೆ ಸಮ, ಕೆಲವೆಡೆ ಮೇಲು ಎಂದು ಕಂಡುಬಂತು. ಧರ್ಮಸ್ಥಳದ ಆಶ್ರಯದಲ್ಲಿ ಕನ್ನಡ ನಾಡಿನ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿಯೂ ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ‘ನವಜೀವನ ಸಮಿತಿ’ಯೆಂದು ಒಟ್ಟುಗೂಡಿಸುತ್ತಾರೆ. ದೇವರ ಹೆಸರು ಬೇರೆ, ಜಗುಲಿ ಒಂದೇ.

ಹಾಗಾದರೆ ಎಲ್ಲವೂ ಸಂಗದ ಮಹಿಮೆ, ಶ್ರದ್ಧೆಗೆ ಇಲ್ಲಿ ಕೆಲಸವೇ ಇಲ್ಲವೇ? ನಾನು ಇದನ್ನು ಗೆಳೆಯನೊಡನೆ ವಾದಿಸಿದ್ದೇನೆ. ಅವನು ಒಪ್ಪುವುದಿಲ್ಲ. ‘ನಾಲ್ವರು ಸೇರಿ ಇಸ್ಪೀಟೂ ಆಡಬಹುದು’ ಎನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸಂತ ಪೌಲನು ತಾನು ಮೆಚ್ಚುವುದನ್ನು ಮಾಡಲಾರೆ, ದ್ವೇಷಿಸುವುದನ್ನೇ ಮಾಡುತ್ತೇನೆ ಎಂದು ಗೋಳಿಡುತ್ತಾನೆ. ಧರ್ಮವನ್ನು ಬಲ್ಲೆ, ಅದರಲ್ಲಿ ಪ್ರವೃತ್ತಿಯಿಲ್ಲ ಎಂಬ ಮಾತನ್ನು ನಮ್ಮವರು ದುರ್ಯೋಧನನ ಬಾಯಲ್ಲಿ ಇಟ್ಟಿದ್ದಾರೆ. ಇಬ್ಬರದೂ ಒಂದೇ ಸಂಕಟ. ಆದರೆ ಪೌಲನು ಅಲ್ಲಿಗೆ ನಿಲ್ಲದೆ, ನನ್ನನ್ನು ಬಿಡಿಸುವವರು ಯಾರು ಎಂದು ಕೂಗಿ ಕರೆಯುತ್ತಾನೆ. ‘ಆ ಕೂಗು ನನ್ನ ಬಾಯಿಂದ ಹೊರಟದ್ದು ಮೇಷ್ಟ್ರ ಮನೆಯಲ್ಲಿ. ಅದಕ್ಕೆ ಮುಂಚೆ ನಾನು ಹಾಡುತ್ತಿದ್ದೆ, ಕರೆಯುತ್ತಿರಲಿಲ್ಲ’ ಎಂದು ಗೆಳೆಯ ಹೇಳಿದ. ಇನ್ನೊಂದು ಮಾತನ್ನೂ ಹೇಳಿದ: ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಅಂದಂದಿನ ಆಹಾರವನ್ನು ಮಾತ್ರ. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಆ ಮಾತಿನ ಅರ್ಥ ನಲವತ್ತೈದನೆಯ ವಯಸ್ಸಿನಲ್ಲಿ ಹೊಳೆಯಿತಂತೆ. ಜೀವಮಾನವೆಲ್ಲ ಕುಡಿಯದಿರುವ ಶಕ್ತಿಯನ್ನು ಬೇಡಿದರೆ ಅಷ್ಟನ್ನು ಇಟ್ಟುಕೊಳ್ಳಲು ಜಾಗವೆಲ್ಲಿದೆ? ಈ ದಿನಕ್ಕೆ ಸಾಕಾಗುವಷ್ಟು ಬೇಡಬಹುದು. ನನಗೆ ಅವನ ನಂಬಿಕೆಯಿಲ್ಲ. ಆದರೆ ಅವನು ಹೇಳಿದ್ದನ್ನು ತರ್ಕದಿಂದ ತಳ್ಳಿಹಾಕುವಷ್ಟು ಧೈರ್ಯವೂ ನನಗಿಲ್ಲ.

ಏಳನೆಯ ತಿಂಗಳಲ್ಲಿ ಅವನು ಒಮ್ಮೆ ಬಿದ್ದ. ನೆಂಟರ ಮದುವೆ, ಒಂದೇ ಒಂದು ಲೋಟ ಎಂದರು, ರಾತ್ರಿಯೆಲ್ಲ ಕುಡಿದ. ಮರುದಿನ ಮುಸುಕು ಹಾಕಿಕೊಂಡು ಮಲಗಿದ್ದಾಗ ಆಟೋ ಬಂದು ನಿಂತ ಸದ್ದು ಕೇಳಿತು. ‘ಇವತ್ತು ಗುರುವಾರ ಅಲ್ಲ, ಆದರೂ ಕೂರೋಣ’ ಎಂದನಂತೆ ಚಾಲಕ. ಯುಗಾದಿಯ ಸಂಕಲ್ಪ ಮುರಿದರೆ ಮುಂದಿನ ಯುಗಾದಿಯವರೆಗೆ ಕಾಯಬೇಕು. ಇವನು ಕಾದದ್ದು ಮೂರು ಗಂಟೆ. ಅಂದಿನಿಂದ ಈಚೆಗೆ ನಾಲ್ಕು ವರ್ಷ ದಾಟಿವೆ.

ಹೆಂಡತಿ ಒಂದೂವರೆ ವರ್ಷದ ಮೇಲೆ ಮಗಳೊಡನೆ ಹಿಂದಿರುಗಿದಳು. ಸಾಲಗಾರರು ಹನ್ನೊಂದು ಜನ. ಪಟ್ಟಿಯನ್ನು ಮೇಷ್ಟ್ರೇ ಬರೆಸಿದ್ದರು. ಒಂಬತ್ತು ಹೆಸರುಗಳ ಮೇಲೆ ಗೆರೆ ಬಿದ್ದಿದೆ. ದಿನಸಿಯ ಅಂಗಡಿಯವರೊಬ್ಬರು, ‘ನಿನ್ನ ಪುಟವನ್ನು ಎಂದೋ ಹರಿದುಹಾಕಿದೆ, ಕೊಡಬೇಡ’ ಎಂದರು. ಇವನು ಬಿಡದೆ, ಲೆಕ್ಕ ತನಗೆ ನೆನಪಿದೆಯೆಂದು ಹೇಳಿ, ಅವರ ಅಂಗಡಿಯ ಹಿಂದಿನ ಬಿರುಕುಬಿಟ್ಟ ಗೋಡೆಗೆ ಗಾರೆ ಮಾಡಿಕೊಟ್ಟ. ಹನ್ನೆರಡನೆಯ ಹೆಸರೊಂದು ಪಟ್ಟಿಯ ಕೆಳಗೆ ಬೇರೆಯಾಗಿ ಇದೆ: ಮಗನದು. ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ತಾಯಿಗೆ ವಾರವಾರವೂ ಫೋನು ಮಾಡುತ್ತಾನೆ, ತಂದೆಯೊಡನೆ ಮಾತಾಡುವುದಿಲ್ಲ. ಕಳೆದ ಕ್ರಿಸ್ಮಸ್ಸಿಗೆ ಊರಿಗೆ ಬಂದವನು ಒಂದು ರಾತ್ರಿ ಇದ್ದು ಹೊರಟುಹೋದ. ಬಸ್ಸು ಹತ್ತಿಸಲು ಗೆಳೆಯನೂ ಜೊತೆಗೆ ಹೋಗಿದ್ದ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದು ನಿಂತಿತಂತೆ. ಮುಂದಿನ ಗುರುವಾರ ಜಗುಲಿಯಲ್ಲಿ ಅದನ್ನೇ ಹೇಳಿಕೊಂಡ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಂಗಳೂರಿಗೆ ಹೋಗಿ ಬರಲು ರೈಲಿನ ಚಾರ್ಜು ಎಷ್ಟಾಗುತ್ತದೆಂದು ಕೇಳಿದರು.